ದೊಡ್ಡಮ್ಮನ ಮನೆಗೆ ಬಳಿದ ಹಳದಿ

ಓಣಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಳತೆ ಎಂದೇ. ನಡೆಯಲು ಕಲಿತಾಗಿನಿಂದ ಬಾಗಿಲು, ಕಿಟಕಿ, ಮಲಗಿದ್ದ ನಾಯಿ, ಯಾವುದನ್ನೂ ಬಿಡದೆ ಗೇಣು ಹಾಕಿ ನೋಡುತ್ತಿದ್ದವಳು. ಅವಳ ಅಮ್ಮ ಆಸ್ಪತ್ರೆಯಲ್ಲಿ ಆಯಾ, ಪಾಳಿಯ ಕೆಲಸ. ಹಾಗಾಗಿ ಹುಡುಗಿ ಬೆಳೆದದ್ದು ಪಕ್ಕದ ಮನೆಯ ದೊಡ್ಡಮ್ಮನ ಹೊಲಿಗೆ ಮೆಷಿನ್ನಿನ ಕೆಳಗೆ. ಗಂಡ ಸತ್ತ ಮೇಲೆ ಶಾಲೆಮಕ್ಕಳ ಸಮವಸ್ತ್ರ ಹೊಲಿದೇ ಹೊಟ್ಟೆ ಹೊರೆದ ಹೆಂಗಸು ಅದು. ಸ್ವಂತ ಮಕ್ಕಳಿಲ್ಲ. ಅವಳಿಗೆ ಇದ್ದದ್ದು ಆ ಮನೆ, ಆ ಮೆಷಿನ್ನು, ತಂಗಿಯ ಈ ಮಗಳು.

ಮನೆ ಕಟ್ಟುವ ಓದು ಮುಗಿಸಿ, ಯಾವುದೋ ಕಚೇರಿಯಲ್ಲಿ ಕಂಡವರ ಬಚ್ಚಲುಮನೆಯ ನಕ್ಷೆ ಬರೆದು ಬರೆದು ರೋಸಿ, ಅಳತೆ ಮತ್ತೆ ದೊಡ್ಡ ಓದಿಗೆ ಸೇರಿದಳು. ಅಲ್ಲಿ ಪಾಠ ಕಡಿಮೆ, ಸ್ಟುಡಿಯೋ ಹೆಚ್ಚು. ಉದ್ದನೆಯ ಹಾಲ್, ಸಾಲು ಮೇಜು, ಎಲ್ಲೆಲ್ಲೂ ರಟ್ಟಿನ ಚೂರು, ಅಂಟಿನ ನಾತ. ವಾರವಿಡೀ ಕೂತು ಕಟ್ಟಿದ ಮಾಡೆಲ್ಲಿನ ಗೋಡೆಯನ್ನು ಮೇಷ್ಟ್ರು ಎರಡೇ ಬೆರಳಲ್ಲಿ ಕಿತ್ತು, "ಈಗ ನೋಡು, ಉಸಿರಾಡ್ತಾ ಇದೆ" ಅನ್ನುವರು. ಅಳುವವರು ಹೊರಗೆ ನಲ್ಲಿಯ ಹತ್ತಿರ ಹೋಗಿ ಅತ್ತು, ಮುಖ ತೊಳೆದು ಬಂದು ಕೂರಬೇಕು.

ಕೊನೆಯ ವರ್ಷದ ವಿನ್ಯಾಸಕ್ಕೆ ಕೊಟ್ಟ ಜಾಗ ಅವಳದೇ ಓಣಿ. ಹಳೆಯ ಮನೆಗಳ ನಡುವಿನ ಪಾಳು ಜಾಗದಲ್ಲಿ ಒಂದು ವಾಚನಾಲಯ. ಒಳ್ಳೆಯ ನಕ್ಷೆ ಬಂದರೆ ಕಟ್ಟಿಸುತ್ತೇವೆ ಎಂದು ನಗರಸಭೆಯವರೂ ಹೇಳಿದ್ದರು. ಅದನ್ನು ಪ್ರತಿ ವರ್ಷ ಹೇಳುತ್ತಾರೆ, ಯಾವ ವರ್ಷವೂ ಕಟ್ಟಿದ್ದಿಲ್ಲ ಎಂದು ಹಳೆಯ ಹುಡುಗರು ನಗುತ್ತಿದ್ದರು. ತಾನು ಆ ಓಣಿಯವಳೆಂದು ಅಳತೆ ಬಾಯಿ ಬಿಡಲಿಲ್ಲ. ಜೊತೆಯವರೆಲ್ಲ ಒಳ್ಳೆಯ ಬಡಾವಣೆಯವರು. ಆದರೆ ಟೇಪು ಹಿಡಿದು ಹೋದಾಗ ಬೇರೆಯವರಿಗೆ ತೆರೆಯದ ಬಾಗಿಲುಗಳೆಲ್ಲ ಅವಳಿಗೆ ತೆರೆದವು. ದೊಡ್ಡಮ್ಮನಂತೂ ತಾನೇ ಟೇಪಿನ ತುದಿ ಹಿಡಿದು ಮೂಲೆಮೂಲೆಗೂ ನಿಂತಳು.

"ನೀಟಾಗಿ ಬರಿಯೇ. ನನ್ನ ಮನೇನೂ ದೊಡ್ಡ ಶಾಲೆ ಮೆಟ್ಲು ಹತ್ಲಿ, ನಾನಂತೂ ಹತ್ಲಿಲ್ಲ."

ಸ್ಟುಡಿಯೋದಲ್ಲಿ ಒಂದು ರೂಢಿಯಿತ್ತು. ಉಳಿಯುವ ಮನೆಗೆ ಕಪ್ಪು, ಕೆಡವುವ ಮನೆಗೆ ಹಳದಿ. ಹಳದಿ ಬಳಿದರೆ ಪಕ್ಕದಲ್ಲಿ ಕಾರಣ ಬರೆಯಬೇಕು. ಎಲ್ಲರೂ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದುದು ಒಂದೇ: ಶಿಥಿಲ. "ನಮ್ಮ ಸ್ಟುಡಿಯೋ ಕಾಲಿಟ್ಟ ಊರಿಗೆಲ್ಲ ಶಿಥಿಲದ ಜಾಡ್ಯ" ಎಂದು ಅವರವರೇ ತಮಾಷೆ ಮಾಡಿಕೊಳ್ಳುವರು.

ಅವಳ ವಾಚನಾಲಯಕ್ಕೆ ಬೆಳಕೇ ಬರುತ್ತಿರಲಿಲ್ಲ. ಮೇಷ್ಟ್ರು ಬಗ್ಗಿ ನೋಡಿದರು.

"ಏನಮ್ಮಾ ಇದು, ಓದೋ ಜಾಗನೋ, ಬಾವಲಿ ಸಾಕೋ ಜಾಗನೋ?" ಅವರ ಪೆನ್ಸಿಲ್ ದೊಡ್ಡಮ್ಮನ ಮನೆಯ ಮೇಲೆ ಬಂದು ನಿಂತಿತು. "ಇದ್ಯಾಕೆ ಅಡ್ಡ ನಿಂತಿದೆ? ತೆಗಿ."

"ಸರ್, ಅದ್ರಲ್ಲಿ ಜನ ಇದಾರೆ."

"ಶೀಟಿನ ಮೇಲೆ ಯಾರೂ ಇಲ್ಲ. ತೆಗೆದು ನೋಡು, ಆಮೇಲೆ ಮಾತಾಡು."

ತೆಗೆದು ನೋಡಿದಳು. ರಟ್ಟಿನ ಆ ಪುಟ್ಟ ಮನೆ ಪಕ್ಕಕ್ಕೆ ಸರಿದದ್ದೇ ತಡ, ಬೆಳಕು ಕಂಬದಿಂದ ಕಂಬಕ್ಕೆ ಇಳಿದು ಒಳಗಿನ ಕೊನೆಯ ಗೋಡೆ ಮುಟ್ಟಿತು. ಅಷ್ಟು ಚೆಂದದ್ದನ್ನು ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಕೇಡು ಇದ್ದದ್ದೇ ಅಲ್ಲಿ. ಹಳದಿ ಬಳಿದಳು. ಶಿಥಿಲ ಎಂದು ಬರೆದಳು. ಜ್ಯೂರಿಯ ಹೊತ್ತಿಗೆ ಬೇರೆ ದಾರಿ ಹುಡುಕಿದರಾಯಿತು ಎಂದುಕೊಂಡಳು. ಹುಡುಕಲಿಲ್ಲ.

ಜ್ಯೂರಿ ಎಂದರೆ ಹೊರಗಿನ ದೊಡ್ಡವರು ಬಂದು ಕೂತು ಕೆಲಸವನ್ನು ತೂಗಿ ನೋಡುವುದು. ಆ ಸಲ ನಗರಸಭೆಯ ಎಂಜಿನಿಯರೂ ಬಂದಿದ್ದರು. ಎಲ್ಲರೂ ಹೊಗಳಿದ ಮೇಲೆ ಅವರು ಹಳದಿಯ ಮೇಲೆ ಬೆರಳಿಟ್ಟರು.

"ಈ ಮನೆ ನಿಜವಾಗ್ಲೂ ಬೀಳೋ ಹಾಗಿದೆಯಾ? ನೀವೇ ನೋಡಿದೀರಾ?"

ಇಲ್ಲ ಎಂದರೆ ಬೆಳಕು ಹೋಯಿತು, ಬೆಳಕಿನ ಜೊತೆ ವಿನ್ಯಾಸ, ವಿನ್ಯಾಸದ ಜೊತೆ ವರ್ಷ. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು.

"ಹೌದು ಸರ್. ಒಳಗೆ ಹೋಗಿ ನಾನೇ ಅಳೆದಿದೀನಿ."

ಅಳೆದದ್ದು ನಿಜ. ಆ ನಿಜದ ಸೆರಗಲ್ಲಿ ಸುಳ್ಳನ್ನು ಕಟ್ಟಿಕೊಟ್ಟಳು. ಸ್ಟುಡಿಯೋಗೆ ಮೊದಲಿಗಳಾದಳು.

ಯಾವ ವರ್ಷವೂ ಕಟ್ಟದ ನಗರಸಭೆ ಆ ವರ್ಷ ಕಟ್ಟಲು ಹೊರಟಿತು. ದೊಡ್ಡಮ್ಮನ ಬಾಗಿಲಿಗೆ ನೋಟೀಸು ಅಂಟಿಸಿದ ದಿನವೇ ಅಳತೆ ಎಂಜಿನಿಯರ ಕಚೇರಿಗೆ ಓಡಿದಳು.

"ಸರ್, ಆ ಮನೆ ಗಟ್ಟಿಯಿದೆ. ಅದು ಸುಮ್ನೆ ಸ್ಟುಡಿಯೋ ಮಾತು. ನಮ್ಮ ದೊಡ್ಡಮ್ಮನ ಮನೆ ಅದು."

ಎಂಜಿನಿಯರು ಕೆಟ್ಟ ಮನುಷ್ಯನಲ್ಲ. ಕುರ್ಚಿ ತೋರಿಸಿದರು, ನೀರು ತರಿಸಿದರು.

"ನೀವೇ ಹೇಳಿ ತಾಯಿ, ನಾನು ಯಾವ ಮಾತು ನಂಬಲಿ? ಅವತ್ತು ಯಾರ ಮನೆ ಅಂತ ಹೇಳದೆ ಬೀಳುತ್ತೆ ಅಂದ್ರಿ. ಇವತ್ತು ಸ್ವಂತದವರ ಮನೆ ಅಂತ ಹೇಳಿ ಗಟ್ಟಿ ಅಂತೀರಿ. ಮೇಲಿನವರು ಯಾವುದನ್ನ ಒಪ್ತಾರೆ? ನಿಮ್ಮ ದೊಡ್ಡಮ್ಮನಿಗೆ ಬೇರೆ ಕಡೆ ರೂಮು ಕೊಡ್ತೀವಿ, ಬಿಡಿ."

ಹಾಗಾದರೆ ಮೇಷ್ಟ್ರ ಕೈಲಿ ಹೇಳಿಸೋಣವೆಂದು ಅಲ್ಲಿಗೂ ಹೋದಳು. ಶಿಥಿಲ ಎಂದು ಬರೆದದ್ದು ಯಾರ ಕೈ ಎಂದು ಅವರು ಕೇಳಿದರು.

ಕೆಡವುವ ಯಂತ್ರ ಬೆಳಿಗ್ಗೆಯೇ ಬಂತು. ಓಣಿಯೆಲ್ಲ ನೆರೆದಿತ್ತು. ಮನೆ ಬೀಳುವ ಹಾಗಿದೆ ಎಂದವಳು ಅಳತೆಯೇ ಎಂಬುದು ನೋಟೀಸು ಅಂಟಿಸಿದವರ ಬಾಯಿಂದ ಎಲ್ಲರಿಗೂ ತಿಳಿದಿತ್ತು. ದೊಡ್ಡಮ್ಮ ಬೀದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು, ಮಗ್ಗುಲಲ್ಲಿ ಮೆಷಿನ್ನು. ಮೊದಲ ಏಟಿಗೆ ಗೋಡೆಯ ಸುಣ್ಣ ಉದುರಿತು, ಗೋಡೆ ಅಲ್ಲಾಡಲಿಲ್ಲ. ಮತ್ತೆ ಹೊಡೆದರು. ಮತ್ತೆ ಹೊಡೆದರು. ಯಂತ್ರದವನು ಹಿಂದಕ್ಕೆ ತಿರುಗಿ ನಕ್ಕ.

"ಇದಾ ಬೀಳೋ ಮನೆ? ನನ್ನ ಗಾಡೀನೇ ಬೀಳೋ ಹಾಗಿದೆಯಲ್ರೋ!"

ಯಾರೂ ನಗಲಿಲ್ಲ. ಒಬ್ಬೊಬ್ಬರೇ ಅಳತೆಯ ಕಡೆ ನೋಡತೊಡಗಿದರು. ದೊಡ್ಡಮ್ಮ ಮಾತ್ರ ಗೋಡೆಯನ್ನೇ ನೋಡುತ್ತಿದ್ದಳು. ಅದು ಬಿದ್ದು, ಧೂಳು ಕೂತ ಮೇಲೆ ಕೇಳಿದಳು.

"ಗೊತ್ತಿಲ್ದೆ ಹಾಗಂದ್ಯಾ, ಗೊತ್ತಿದ್ದೂ ಅಂದ್ಯಾ? ಅದೊಂದು ಹೇಳಿಬಿಡೇ."

ಗೊತ್ತಿಲ್ಲದೆ ಎಂದಿದ್ದರೆ ದೊಡ್ಡಮ್ಮ ನಂಬುತ್ತಿದ್ದಳು. ನಂಬಲು ತಯಾರಾಗಿಯೇ ಕೇಳಿದ್ದಳು.

"ಗೊತ್ತಿದ್ದೂ ಅಂದೆ, ದೊಡ್ಡಮ್ಮ."

"ಹ್ಞೂಂ."

ಸಾಮಾನು ಗಾಡಿಗೆ ಏರಿತು. ಅಮ್ಮ ಅಳುತ್ತಾ, "ಅಕ್ಕಾ, ನಮ್ಮನೇಲೇ ಇದ್ದುಬಿಡೇ" ಎಂದಳು. "ಬೇಡ ಕಣೇ, ಅವರು ಕೊಟ್ಟಿರೋ ರೂಮಿಗೇ ಹೋಗ್ತೀನಿ" ಎಂದಳು ದೊಡ್ಡಮ್ಮ. ಕೊನೆಗೆ ಮೆಷಿನ್ನು ಉಳಿಯಿತು. ಅಳತೆ ಮುಂದೆ ಬಂದು ಅದರ ಒಂದು ತುದಿ ಹಿಡಿದಳು. ದೊಡ್ಡಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ, ಬಿಡಿಸಿದಳು.

"ನೀನು ಬಿಡು. ಗಾಡಿಯವರು ಎತ್ತುತ್ತಾರೆ."

ಗಾಡಿ ಹೊರಟಿತು. ಅಮ್ಮ ಅಕ್ಕನ ಕೈ ಹಿಡಿದು ಅದರ ಹಿಂದೆ ನಡೆದಳು. ನೀನೂ ಬಾ ಎಂದು ಇಬ್ಬರೂ ಕರೆಯಲಿಲ್ಲ.