ಎದ್ದು ಕೂರುವ ಬ್ಯಾಕ್ಟೀರಿಯಾ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬಾಟ್ಲಿ ಎನ್ನುತ್ತಿದ್ದರು. ಕುಡಿಯುವವಳೆಂದಲ್ಲ, ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಗಾಜಿನ ಬಾಟಲಿ, ತಟ್ಟೆಗಳನ್ನು ತೊಳೆಯುವವಳು ಅವಳೇ. ಇಷ್ಟು ವರ್ಷಗಳಲ್ಲಿ ಒಡೆದದ್ದು ಮೂರೇ ಮೂರು. ಆ ಮೂರೂ ಅವಳಿಗೆ ನೆನಪಿದ್ದವು.

ಅವಳ ಅಕ್ಕನಿಗೆ ಎದೆಯಲ್ಲಿ ಗಡ್ಡೆ. ಆಸ್ಪತ್ರೆಯಲ್ಲಿ ದಿನಕ್ಕೊಂದರಂತೆ ಇಪ್ಪತ್ತೈದು ಸಲ ಕರೆಂಟು, ಅಂದರೆ ಗಡ್ಡೆ ಸುಡುವ ವಿಕಿರಣ, ಕೊಡಬೇಕೆಂದಿದ್ದರು. ಹದಿನೆಂಟು ಮುಗಿದಿತ್ತು. ಚರ್ಮ ಕೆಂಡ ತಗುಲಿದಂತೆ ಕೆಂಪಾಗಿ, ಬಟ್ಟೆ ಸೋಕಿದರೂ ಅಕ್ಕ ನರಳುತ್ತಿದ್ದಳು.

"ಸಾಕು ಕಣೇ. ನಾಳೆಯಿಂದ ನಾನು ಹೋಗಲ್ಲ."

ಧೈರ್ಯ ತುಂಬೋಣವೆಂದು ಬಾಟ್ಲಿ ತಾನು ಪ್ರಯೋಗಾಲಯದ ತೊಟ್ಟಿಯ ಪಕ್ಕ ನಿಂತು ಕೇಳಿಸಿಕೊಂಡಿದ್ದ ಕತೆ ತೆಗೆದಳು.

"ನಮ್ಮಲ್ಲಿ ಗುಲಾಬಿ ಬಣ್ಣದ ಒಂದು ಬ್ಯಾಕ್ಟೀರಿಯಾ ಇದೆ ಅಕ್ಕಾ. ನಮ್ಮನ್ನ ಸಾಯಿಸೋ ಕಿರಣದ ಸಾವಿರ ಪಟ್ಟು ಬಿಟ್ರೂ ಸಾಯಲ್ಲ. ಒಳಗಿನ ಡಿಎನ್‌ಎ ನೂರಾರು ಚೂರಾಗತ್ತೆ. ಕೆಲವೇ ಗಂಟೇಲಿ ಎಲ್ಲ ಜೋಡಿಸ್ಕೊಂಡು ಎದ್ದು ಕೂತ್ಕೊಳ್ಳತ್ತೆ!"

ಅಕ್ಕನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನನ್ನ ಗಡ್ಡೇನೂ ಎದ್ದು ಕೂತ್ಕೊಳ್ಳತ್ತಾ?"

ಬಾಟ್ಲಿಗೆ ಗಾಯಕ್ಕೆ ಮದ್ದೆಂದು ತಾನೇ ಉಪ್ಪು ಸವರಿದಂತಾಗಿತ್ತು.

ಮರುದಿನ ಬೆಳಿಗ್ಗೆ, ಆ ಬ್ಯಾಕ್ಟೀರಿಯಾ ಬೆಳೆಸುವ ಸಂಶೋಧಕಿಯನ್ನು ಅವಳು ಬಾಗಿಲಲ್ಲೇ ತಡೆದಳು. ಅಲ್ಲಿ ಯಾರನ್ನೂ ಒಂದು ಪ್ರಶ್ನೆ ಕೇಳಿದವಳಲ್ಲ, ಇಂದು ಅಕ್ಕ ಕೇಳಿದ್ದನ್ನೇ ಕೇಳಿದಳು.

ಸಂಶೋಧಕಿ ಚೀಲ ಕೆಳಗಿಟ್ಟಳು. "ರಿಪೇರಿ ಮಾಡೋದ್ರಲ್ಲಿ ಅದು ಎತ್ತಿದ ಕೈ ಆಂಟಿ. ಗಡ್ಡೆ ಹಾಗಲ್ಲ, ಅದರ ಕೋಶಗಳಿಗೆ ಆ ಕೆಲಸ ಅಷ್ಟು ಚೆನ್ನಾಗಿ ಬರಲ್ಲ. ನಿಮ್ಮಕ್ಕನ ಒಳ್ಳೇ ಕೋಶಗಳಿಗೆ ಬರತ್ತೆ. ಅದಕ್ಕೇ ಒಂದೇ ಸಲ ಸುರಿಯದೆ ದಿನಾ ಸ್ವಲ್ಪ ಸ್ವಲ್ಪ ಕೊಡೋದು. ಮರುದಿನದೊಳಗೆ ಒಳ್ಳೇವು ಸುಧಾರಿಸ್ಕೊಳ್ತವೆ, ಗಡ್ಡೆ ಹಿಂದೆ ಬೀಳತ್ತೆ."

"ಮಧ್ಯದಲ್ಲೇ ನಿಲ್ಲಿಸಿದ್ರೆ?"

"ಗಡ್ಡೆಗೇ ಲಾಭ."

ಬಾಟ್ಲಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಮಧ್ಯಾಹ್ನ ರಜೆ ಕೇಳಿ, ದಾರಿಯುದ್ದಕ್ಕೂ ಒಂದೊಂದೇ ಮಾತನ್ನು ಬಾಯಿಪಾಠ ಮಾಡುತ್ತ ಮನೆಗೆ ನಡೆದಳು. ಅಕ್ಕನ ಮುಂದೆ ಒಂದಕ್ಷರವೂ ಬಿಡದೆ ಒಪ್ಪಿಸಿದಳು.

"ಈ ಸಲ ಸರಿಯಾಗಿ ಕೇಳ್ಕೊಂಡು ಬಂದಿದೀಯಾ?"

"ಎರಡು ಸಲ ಕೇಳಿದೆ."

ಅಕ್ಕ ಸೆರಗನ್ನು ಎದೆಗೆ ಸೋಕದಂತೆ ಸರಿಸಿಕೊಂಡಳು. "ನನ್ನ ಒಳ್ಳೇವು ನಿನ್ನ ಥರ ನಿಧಾನ ಇರ್ಬೇಕು. ಒಂದು ಲೋಟ ತೊಳೆಯೋಕೆ ಅರ್ಧ ಗಂಟೆ."

"ನಿಧಾನ ಆದ್ರೂ ಒಡೆಯಲ್ಲ ಅಕ್ಕಾ."

ಅಕ್ಕ ನಕ್ಕಳು, ನಕ್ಕದ್ದಕ್ಕೆ ಎದೆ ಉರಿದು ಮುಖ ಕಿವಿಚಿದಳು. ಆಮೇಲೆ ಕಾಲು ಮುಂದೆ ಚಾಚಿದಳು.

"ಚಪ್ಪಲಿ ಹಾಕು. ಕರೆಂಟು ಮೂರು ಗಂಟೆಗಲ್ವಾ?"

ಬಾಟ್ಲಿ ನೆಲದ ಮೇಲೆ ಕುಳಿತು, ತೆಳು ಗಾಜನ್ನು ಹಿಡಿಯುವಷ್ಟೇ ಮೆಲ್ಲಗೆ ಆ ಪಾದವನ್ನು ಹಿಡಿದಳು.