ರಾಜಣ್ಣನ ಬಿಳಿ ಗೆರೆ

"ಮುಟ್ಬೇಡಿ ಸಾರ್, ಕೈ ಹಿಂದಕ್ಕೆ ತಗೊಳ್ಳಿ."

ಯಂತ್ರದ ಕಬ್ಬಿಣದ ಮೈಗೂ ನನ್ನ ಬೆರಳಿಗೂ ಒಂದು ಗೇಣು ಅಂತರವಿತ್ತು. ಹೆಗ್ಗನಹಳ್ಳಿಯ ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ರಾಜಣ್ಣ ಕೂಗುತ್ತಲೇ ಓಡಿ ಮೇನ್ ಸ್ವಿಚ್ ಆಫ್ ಮಾಡಿದ್ದರು.

ಹಿಂದೆ ಮುಂದೆ ಓಡಾಡುವ ಆ ಯಂತ್ರದ ಮೋಟಾರಿಗೆ ಬಾಗುವ ಕೇಬಲ್ ಆರಿಸಿದ್ದು ಇಂಜಿನಿಯರ್ ಆದ ನಾನೇ. ದಿನಕ್ಕೆ ಎಷ್ಟು ಸಲ ಬಾಗುತ್ತದೆಂದು ಎಣಿಸಿ, ಐದು ವರ್ಷ ಬಾಳುತ್ತದೆ ಎಂದು ಬರೆದುಕೊಟ್ಟಿದ್ದೆ. ಆಮೇಲೆ ಅದು ಜೋಲಾಡುವುದು ನೋಡಲು ಚೆನ್ನಾಗಿಲ್ಲವೆಂದು ಬಿಗಿಯಾಗಿ ಕಟ್ಟಿಸಿದ್ದೂ ನಾನೇ.

ರಾಜಣ್ಣ ಕೇಬಲ್ ಸೀಳಿ ತೋರಿಸಿದರು. ಹೊರಗಿನಿಂದ ಹೊಸದರಂತೆಯೇ ಇತ್ತು. ಒಳಗೆ, ಕಟ್ಟಿದ್ದ ಜಾಗದಲ್ಲಿ, ತಾಮ್ರದ ಎಳೆಗಳು ತುಂಡಾಗಿದ್ದವು. ಒಂದೆಳೆ ಸೂಜಿಮೊನೆಯಂತೆ ಸಿಪ್ಪೆ ತೂರಿ ಕಬ್ಬಿಣಕ್ಕೆ ತಾಗುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥಿಂಗ್ ತಂತಿಯೂ ಅಲ್ಲೇ ಕಡಿದಿತ್ತು.

"ಅಷ್ಟು ದೂರದಿಂದ ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

"ಹೊಸ ಕೇಬಲ್ ಎಳೆದ ದಿನ ಉದ್ದಕ್ಕೂ ಬಿಳಿ ಪೇಂಟಲ್ಲಿ ಒಂದು ಗೆರೆ ಹಾಕಿಡ್ತೀನಿ ಸಾರ್. ಒಳಗೆ ಕೆಟ್ರೆ ಕೇಬಲ್ ತಿರುಚ್ಕೊಳ್ಳುತ್ತೆ, ಗೆರೆನೂ ತಿರುಗುತ್ತೆ. ಹೋದ ವಾರ ನೆಟ್ಟಗಿತ್ತು, ಈಗ ನೋಡಿ, ಬಳ್ಳಿ ಥರ ಸುತ್ಕೊಂಡಿದೆ. ನಿಮ್ಮ ಲೆಕ್ಕ ಸರಿನೇ ಇತ್ತು, ಪಾಪ ಅದಕ್ಕೆ ಬಾಗೋಕೆ ಜಾಗ ಬಿಟ್ಟಿರ್ಲಿಲ್ಲ ನೀವು."

ಅಂದು ಚಾಚಿದ್ದ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಈಗ ನನ್ನ ಲೆಕ್ಕವೆಲ್ಲ ಮುಗಿದ ಮೇಲೂ, ರಾಜಣ್ಣ ಎಳೆದ ಬಿಳಿ ಗೆರೆ ಒಣಗುವವರೆಗೆ ನಾನು ಯಾವ ಯಂತ್ರವನ್ನೂ ಶುರು ಮಾಡಿಸುವುದಿಲ್ಲ.