ಅಡುಗೆಮನೆ ಹೊಸ್ತಿಲಿನಿಂದ ಹೇಳಿದ ಕಮಾಂಡು

ಬೆಳಿಗ್ಗೆ ಐದಕ್ಕೆ ನಲ್ಲಿ ಬಂತು, ಎರಡು ಡ್ರಮ್ಮು ಒಂದು ಹಂಡೆ ತುಂಬಿಸಿದೆ. ಬೂತಿನಿಂದ ಹಾಲು ತಂದು ಕಾಯಿಸಿದೆ. ಅತ್ತೆಯವರ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಮಳೆಗೆ ಒಣಗದೆ ಮೂರು ದಿನದಿಂದ ಹಾಲ್‌ನ ಹಗ್ಗದ ಮೇಲೇ ಇದ್ದ ಬಟ್ಟೆಗಳನ್ನು ಮಗುಚಿ ಹಾಕಿದೆ. ಗಿರಣಿಯಿಂದ ತಂದಿದ್ದ ಚಕ್ಕುಲಿ ಹಿಟ್ಟನ್ನು ಜರಡಿ ಹಿಡಿದೆ. ಗಿರಣಿ ಹಿಟ್ಟಿಗೆ ಮುಂಬಯಿಯಲ್ಲಿ ಮೈಲಿಗೆಯಿಲ್ಲ ಎಂದು ಅತ್ತೆಯವರು ಎಂದೋ ರಾಜಿ ಮಾಡಿಕೊಂಡಿದ್ದರು. ಸ್ನಾನ ಮಾಡಿ, ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತೆ. ಹನ್ನೊಂದು ಗಂಟೆಯ ಸುಮಾರಿಗೆ ನಮ್ಮವರಿಗೆ ಒಂದು ಕಮಾಂಡು ಹೇಳಿಕೊಟ್ಟೆ.

ದಿನಚರಿಯ ಪುಸ್ತಕದಲ್ಲಿ ಇಷ್ಟೇ ಇದೆ. ಕೊನೆಯ ಸಾಲನ್ನು ಮಾತ್ರ ಸ್ವಲ್ಪ ಬಿಡಿಸಿ ಬರೆಯಬೇಕು ಎನಿಸುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚೆಂಬೂರಿನ ನಮ್ಮ ಎರಡು ಕೋಣೆಯ ಮನೆಗೆ ಒಂದು ಕಂಪ್ಯೂಟರ್ ಬಂದಿತ್ತು. ನಮ್ಮವರ ಕಂಪನಿಯವರು ಹೊಸದು ತಂದಾಗ ಹಳೆಯದನ್ನು ನೌಕರರಿಗೇ ಕೊಟ್ಟುಬಿಟ್ಟಿದ್ದರು. ಕಿಟಕಿಯ ಹಳೆಯ ಪರದೆಯಲ್ಲಿ ನಾನು ಅದಕ್ಕೊಂದು ಗವಸು ಹೊಲಿದೆ. ಚಪ್ಪಲಿ ಹಾಕಿಕೊಂಡು ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ.

ಅದು ಮನೆಯವರೆಲ್ಲರದೂ ಹೌದು, ಆದರೆ ಅದರಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವಳು ನಾನು. ಮದುವೆಗೆ ಮುಂಚೆ ಮತ್ತು ಆಮೇಲೂ ಕೆಲವು ವರ್ಷ ಬಾಂದ್ರಾದ ಒಂದು ಆಫೀಸಿನಲ್ಲಿ ಸ್ಟೆನೋ ಆಗಿದ್ದೆ. ಸಾಹೇಬರು ಹೇಳುವುದು, ನಾನು ಬರೆದುಕೊಂಡು ಟೈಪ್ ಮಾಡುವುದು. ಮಗಳು ಹುಟ್ಟಿದಾಗ ಬಿಟ್ಟೆ. ಬೆರಳುಗಳು ಮಾತ್ರ ಮರೆತಿರಲಿಲ್ಲ.

ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಟೀಚರ್ ಒಬ್ಬರಿದ್ದರು. ಕುರ್ಲಾದ ಶಾಲೆಯಲ್ಲಿ ಕೆಲಸ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಇರುವ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದರ ಮೇಲೆ ನಲವತ್ತೆಂಟನೆಯ ವಯಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಆ ಥೀಸಿಸ್ಸನ್ನು ಟೈಪ್ ಮಾಡಿದವಳು ನಾನು. ಐದು ತಿಂಗಳು, ಏಳು ಅಧ್ಯಾಯ. ಕೊನೆಯ ಎರಡು ಅಧ್ಯಾಯಗಳನ್ನು ಅವರು ಪಕ್ಕದಲ್ಲಿ ಕೂತು ಹೇಳುತ್ತಾ ಹೋದಂತೆ ನೇರವಾಗಿ ಹೊಡೆದಿದ್ದೆ. ಅವು ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಫ್ಲಾಪಿಯಲ್ಲಿ ಇಟ್ಟಿದ್ದ ಪ್ರತಿಗೆ ಆ ಮಳೆಗಾಲದಲ್ಲಿ ಬೂಷ್ಟು ಹಿಡಿದು, ಹೊಸ ಫ್ಲಾಪಿ ಸೋಮವಾರ ತರುವುದೆಂದು ಮಾತಾಗಿತ್ತು. ಮಂಗಳವಾರ ಗೈಡ್‌ಗೆ ಒಪ್ಪಿಸಬೇಕು.

ನಮ್ಮವರಿಗೆ ಕಂಡದ್ದನ್ನೆಲ್ಲ ಸರಿಮಾಡುವ ಚಟ. ಜೂನ್ ತಿಂಗಳಲ್ಲಿ ಒಮ್ಮೆ ಮೂರನೆಯ ಅಧ್ಯಾಯವನ್ನು ತೆರೆದು, ಮಾರ್ಜಿನ್ ಸರಿಯಿಲ್ಲ ಎಂದು ಸರಿಮಾಡಲು ಹೋಗಿ ಕೋಷ್ಟಕಗಳನ್ನೆಲ್ಲ ಕಲಸಿಟ್ಟಿದ್ದರು. ನಾನು ಜಗಳವಾಡಲಿಲ್ಲ. ಮೆಷಿನ್ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಊಟವಾದ ಮೇಲೆ ದಿನಕ್ಕೊಂದು ಗಂಟೆ, ಪೆನ್ಸಿಲ್ ಹಿಡಿದು ಓದಿದೆ. ಎರಡು ವಾರವಾದ ಮೇಲೆ ಬೇಕಾದ್ದು ಸಿಕ್ಕಿತು. ಫೈಲನ್ನು ಓದಬಹುದು, ತಿದ್ದಲಾಗದು ಎಂದು ಕಟ್ಟು ಹಾಕುವುದು ಒಂದು. ಪಟ್ಟಿಯಲ್ಲಿ ಕಾಣದಂತೆ ಮರೆಮಾಡುವುದು ಇನ್ನೊಂದು. ಪ್ಲಸ್ ಹಾಕಿದರೆ ಕಟ್ಟು ಬೀಳುತ್ತದೆ, ಮೈನಸ್ ಹಾಕಿದರೆ ಬಿಚ್ಚುತ್ತದೆ. ಗೋಕುಲಾಷ್ಟಮಿಯ ಚಕ್ಕುಲಿ ಡಬ್ಬವನ್ನು ನೈವೇದ್ಯದವರೆಗೆ ಯಾರ ಕಣ್ಣಿಗೂ ಬೀಳದಂತೆ ಇಡುವವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಅಧ್ಯಾಯಗಳೆಲ್ಲ ಮುಗಿದ ಮೇಲೆ, ಅಡುಗೆಮನೆಯ ಹೆಸರಿನಲ್ಲೇ ಫೈಲುಗಳನ್ನಿಡುವ ಒಂದು ಡೈರೆಕ್ಟರಿ ಮಾಡಿ, ಏಳನ್ನೂ ಅದರೊಳಗೆ ಇಟ್ಟು, ಎರಡೂ ಕಟ್ಟು ಹಾಕಿದೆ. ಯಾರಿಗೂ ಹೇಳಲಿಲ್ಲ. ತಪ್ಪು ಮಾಡಿದ್ದು ಅಲ್ಲಿ.

ಆ ಭಾನುವಾರ ಅಷ್ಟಮಿಯ ಹಿಂದಿನ ದಿನ. ನಾನು ಒಳಗೆ ಚಕ್ಕುಲಿ ಕರಿಯುತ್ತಿದ್ದೆ, ಅತ್ತೆಯವರು ಮಣೆಯ ಮೇಲೆ ಕೂತು ಒತ್ತಿಕೊಡುತ್ತಿದ್ದರು. ಹಾಲ್‌ನಲ್ಲಿ ನಮ್ಮವರು, ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜಾಗ ಸಾಲದು ಎಂದು ಮೆಷಿನ್ನಿನಲ್ಲಿ ಬೇಡದ್ದನ್ನೆಲ್ಲ ತೆಗೆಯುತ್ತಿದ್ದರು.

"ಇದೇನೇ ಇದು, ಕಿಚನ್ ಅಂತ? ಒಳಗೆ ಏನೂ ಇಲ್ಲ. ತೆಗೆದುಹಾಕ್ತೀನಿ."

ಬಾಣಲೆಯ ಸದ್ದಿನಲ್ಲಿ ನಮ್ಮವರ ಈ ಮಾತು ನನಗೆ ಕೇಳಿಸಲಿಲ್ಲ. ಮಗಳು ಆಮೇಲೆ ಹೇಳಿದ್ದು. ತೆಗೆಯಲು ಹೋದರೆ, ಡೈರೆಕ್ಟರಿ ಖಾಲಿಯಿಲ್ಲ ಎನ್ನುತ್ತದೆ ಮೆಷಿನ್. ನೋಡಿದರೆ ಖಾಲಿ. ನಾಲ್ಕು ಸಲ, ಐದು ಸಲ.

"ಪಪ್ಪಾ, ಯೇ ತೋ ಪಕ್ಕಾ ವೈರಸ್ ಹೈ."

"ಹೂಂ. ಹೋದ ತಿಂಗಳು ನಮ್ಮ ಆಫೀಸಲ್ಲೂ ಹಿಂಗೇ ಏನೋ ಆಗಿತ್ತು. ಎಲ್ಲಾ ಮೆಷಿನ್ನೂ ಫಾರ್ಮ್ಯಾಟ್ ಮಾಡಿದ್ರು. ಅದಕ್ಕೆ ಬಳಸಿದ ಫ್ಲಾಪಿ ಇಲ್ಲೇ ಇದೆ ತಗೋ."

ಫಾರ್ಮ್ಯಾಟ್ ಎಂಬ ಒಂದು ಪದ ಒಳಗೆ ಬಂತು. ಏನೇನಿದೆಯೋ ಎಲ್ಲವನ್ನೂ ತೊಳೆದುಹಾಕುವ ಪದ ಅದು. ಪುಸ್ತಕದಲ್ಲಿ ಅದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ. ಜಾಲರಿ ಸೌಟು ಕೈಯಲ್ಲೇ ಇತ್ತು. ಹೊಸ್ತಿಲವರೆಗೆ ಓಡಿದೆ. ಅಲ್ಲೇ ನಿಂತೆ. ಆಚೆ ಹೋಗಿ ಮೆಷಿನ್ ಮುಟ್ಟಿದರೆ ಮಡಿ ಹೋಯಿತು. ಬೆಳಗಿನಿಂದ ಕರಿದದ್ದೆಲ್ಲ ನೈವೇದ್ಯಕ್ಕೆ ಬಾರದು.

"ರೀ, ಕೈ ತೆಗೀರಿ ಅದರ ಮೇಲಿಂದ. ಅದು ಖಾಲಿ ಇಲ್ಲ. ಟೀಚರ್ ಥೀಸಿಸ್ ಇದೆ ಅದರಲ್ಲಿ."

"ಎಲ್ಲಿದೆ? ನೀನೇ ಬಂದು ತೋರಿಸು."

"ಮಡೀಲಿದೀನಿ."

"ಮಡೀಲಿರೋರಿಗೆ ಕಂಪ್ಯೂಟರ್ ವಿಷಯ ಯಾಕೆ?"

ನನಗೆ ಅಳು ಬಂದಂತಾಯಿತು. ಹಿಂದಿನಿಂದ ಅತ್ತೆಯವರ ದನಿ ಬಂತು. "ಮುಟ್ಟಿದ್ರೆ ತಾನೆ ಮೈಲಿಗೆ. ಮಾತಿಗೇನಿದೆ? ಅಲ್ಲಿಂದಲೇ ಹೇಳು. ಅವನು ಹೊಡೀಲಿ. ಎಣ್ಣೆ ನಾನು ನೋಡ್ಕೋತೀನಿ."

ಹೇಳಿದೆ. ಬಾಂದ್ರಾದ ಸಾಹೇಬರು ನನಗೆ ಹೇಳುತ್ತಿದ್ದ ಹಾಗೆಯೇ, ನಿಧಾನವಾಗಿ, ಒಂದೊಂದನ್ನೇ ಬಿಡಿಸಿ.

"ಮೊದಲು ಸಿಡಿ, ಒಂದು ಸ್ಪೇಸ್, ಕಿಚನ್. ಎಂಟರ್ ಹೊಡೀರಿ. ಈಗ ಎ, ಟಿ, ಟಿ, ಆರ್, ಐ, ಬಿ."

"ಎರಡು ಟಿ ನಾ?"

"ಎರಡು. ಆಮೇಲೆ ಸ್ಪೇಸ್. ಮೈನಸ್ ಎಚ್. ಮೈನಸ್ಸಿಗೂ ಎಚ್ಚಿಗೂ ನಡುವೆ ಜಾಗ ಬಿಡಬೇಡಿ. ಮತ್ತೆ ಸ್ಪೇಸ್. ಸ್ಟಾರ್, ಡಾಟ್, ಸ್ಟಾರ್. ಹೊಡೆದದ್ದನ್ನ ಒಂದು ಸಲ ಓದಿ ಹೇಳಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಏನನ್ನಾದರೂ ಓದಿ ಒಪ್ಪಿಸಿದ್ದು ಅದೇ ಮೊದಲು. ಸರಿಯಾಗಿತ್ತು.

"ಎಂಟರ್. ಈಗ ಡಿ, ಐ, ಆರ್ ಹೊಡೆದು ಫೈಲುಗಳ ಪಟ್ಟಿ ನೋಡಿ."

ಹೊಸ್ತಿಲಿನಿಂದ ಮೆಷಿನ್ನಿನ ಪರದೆ ಕಾಣುತ್ತಿರಲಿಲ್ಲ. ನಮ್ಮವರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಮಗಳು ಒಂದೊಂದಾಗಿ ಎಣಿಸಿದಳು. ಏಳು.

"ಇದನ್ನ ನಾನು ಅಳಿಸಕ್ಕೆ ನೋಡಿದ್ರೆ?" ನಮ್ಮವರು ಈಗ ಪೂರ್ತಿ ತಿರುಗಿ ಕೂತಿದ್ದರು.

"ಆಗಲ್ಲ. ಅದಕ್ಕೆ ಬೇರೆ ಕಟ್ಟು ಹಾಕಿದೀನಿ. ಅದನ್ನ ಬಿಚ್ಚೋದು ಹೇಳಿಕೊಡಲ್ಲ."

ಒಳಗೆ ಬಂದಾಗ ಎರಡು ಚಕ್ಕುಲಿ ಕೆಂಪು ಹೆಚ್ಚಾಗಿದ್ದವು, ಅಷ್ಟೆ. ನನಗೇನೋ ಎದೆ ತುಂಬಿಬಂದಿತ್ತು. ಬೀಗಿದೆ ಎಂದೇ ಹೇಳುತ್ತೇನೆ, ಸಂಕೋಚವೇಕೆ. ಹೇಳದೆ ಬಚ್ಚಿಟ್ಟರೆ ಬಚ್ಚಿಟ್ಟದ್ದಕ್ಕೇ ಅಪಾಯ ಎಂದು ಅವತ್ತು ತಿಳಿಯಿತು.

ಸಂಜೆ ಟೀಚರ್ ತಿದ್ದಿದ ಒಂದು ಹಾಳೆ ಹಿಡಿದು ಇಳಿದು ಬಂದರು. ಮಗಳು ಬಾಗಿಲಲ್ಲೇ ಕಥೆಯನ್ನೆಲ್ಲ ಹೇಳಿಬಿಟ್ಟಳು. ಅವರ ಮುಖ ಒಮ್ಮೆ ಬಿಳಿಚಿಕೊಂಡಿತು, ಆಮೇಲೆ ಕುರ್ಚಿಯಲ್ಲಿ ಕುಸಿದು ನಕ್ಕರು.

"ಅಂದ್ರ ನನ್ನ ಪಿಎಚ್‌ಡಿ ನೈವೇದ್ಯಕ್ಕ ಇಟ್ಟಿದ್ರೇನ್ರಿ? ಗೈಡ್ ಮುಂದ ಇದನ್ನ ಹೇಳೇ ಹೇಳ್ತೀನಿ ನೋಡ್ರಿ."

ಅವರು ಹೋದ ಮೇಲೆ ನಮ್ಮವರು ಆಫೀಸಿನ ಡೈರಿಯನ್ನು ನನ್ನ ಮುಂದಿಟ್ಟರು. "ಆ ಕಮಾಂಡನ್ನ ಇಲ್ಲಿ ಬರೆದುಕೊಡು. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ ಇದು." ಬರೆದುಕೊಟ್ಟೆ. ಪ್ಲಸ್ ಯಾವಾಗ, ಮೈನಸ್ ಯಾವಾಗ ಎಂಬುದನ್ನೂ ಬರೆದೆ.

ರಾತ್ರಿ ತಿಳಿಸಾರು, ಹುರುಳಿಕಾಯಿ ಪಲ್ಯ, ಅನ್ನ, ಮಜ್ಜಿಗೆ. ನಮ್ಮವರು ಅಡುಗೆಮನೆಯ ಶೆಲ್ಫನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಚಕ್ಕುಲಿ ಎಲ್ಲಮ್ಮಾ? ಒಂದೂ ಕಾಣಿಸ್ತಿಲ್ಲ."

"ಖಾಲಿ ಕಣೋ," ಎಂದರು ಅತ್ತೆಯವರು. "ನಾಳೆ ನೈವೇದ್ಯ ಆದಮೇಲೆ ಕಾಣಿಸತ್ತೆ."

ನಮ್ಮವರು ಹೋಗಿ ಮಲಗಿದರು, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.